ಬಸ್ಸಿನಲ್ಲಿ ಪಕ್ಕ ಕೂತಿದ್ದವನು

ಕೊಲ್ಲಿ ದೇಶದ ಮಾಹೂಝ್‌ನಲ್ಲಿ ನಮ್ಮ ಎದುರು ಫ್ಲಾಟಿನವಳು ನರ್ಸ್. ಉಡುಪಿ ಕಡೆಯ ಕ್ರೈಸ್ತಳು. ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಕನ್ನಡ. ಅವಳ ಗಂಡ ಸಿತ್ರಾದ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸದಲ್ಲಿದ್ದರು. ನವೆಂಬರಿನ ಕೊನೆಯಲ್ಲಿ ಒಂದು ಮಧ್ಯಾಹ್ನ, ಕಂಪನಿ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದವರು ಕೂತಲ್ಲೇ ತೀರಿಕೊಂಡರು. ಬಸ್ಸು ನಮ್ಮ ಬೀದಿಯಲ್ಲಿ ನಿಂತು, ಅವರು ಇಳಿಯದಿದ್ದಾಗಲೇ ಗೊತ್ತಾದದ್ದು. ಅವಳು ಊರಿಗೆ ಹೋಗಿ, ಮಣ್ಣು ಮಾಡಿ, ಎರಡು ವಾರದೊಳಗೆ ಡ್ಯೂಟಿಗೆ ವಾಪಸಾದಳು. ಸಿಕ್ಕಿದ ರಜೆ ಅಷ್ಟೇ.

ಪ್ರತಿ ಡಿಸೆಂಬರಿನಲ್ಲಿ ನಾವಿಬ್ಬರೂ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುವುದಿತ್ತು. ಯಾವ ಮತದವರಾದರೂ ಬರಬಹುದು. ಫಿಲಿಪೀನ್ಸಿನವರ ಗಿಟಾರು, ಮಲಯಾಳಿಗಳ ಕ್ಯಾರಲ್, ನಮ್ಮಂಥ ಹಿಂದೂಗಳದ್ದೂ ಒಂದು ಭಜನೆ. ಆ ವರ್ಷ ಕ್ರಿಸ್ಮಸ್ ಬೆಳಗಿನ ಬೈಬಲ್ ವಾಚನ ಅವಳದೆಂದು ಮೊದಲೇ ನಿಗದಿಯಾಗಿತ್ತು. ಬೇರೆ ಯಾರಾದರೂ ಓದಲಿ ಎಂದೆ.

“ಬೇಡ, ನಾನೇ ಓದ್ತೇನೆ. ಮನೆಯಲ್ಲಿ ಕೂತು ಎಂಥ ಮಾಡ್ಲಿಕ್ಕುಂಟು?” ಎಂದಳು.

ಬಂದವರನ್ನು ಬಾಗಿಲಲ್ಲಿ ಸ್ವಾಗತಿಸುವ ಸರದಿ ನನ್ನದು. ಪ್ರಾರ್ಥನೆ ಶುರುವಾದ ಮೇಲೆ, ಪಠಾಣರು ತೊಡುವಂಥ, ಇಸ್ತ್ರಿ ಮಾಡಿದ ಸಲ್ವಾರ್ ಕಮೀಜಿನ, ಐವತ್ತು ದಾಟಿದ ಒಬ್ಬ ಮನುಷ್ಯ ಬಂದು ಮೆಟ್ಟಿಲ ಮೇಲೇ ನಿಂತ.

“ಅಂದರ್ ಆ ಸಕ್ತಾ ಹೂಂ?” ಒಳಗೆ ಬರಬಹುದೇ ಎಂದು ಕೇಳಿದ.

“ಆಯಿಯೇ ಭಾಯಿಸಾಬ್,” ಎಂದು ಕೈಹಿಡಿದೇ ಕರೆತಂದೆ. ಖಾಲಿ ಇದ್ದದ್ದು ಒಂದೇ ಕುರ್ಚಿ, ಅವಳ ಬೆನ್ನ ಹಿಂದೆ. ಅಲ್ಲೇ ಕೂರಿಸಿ ಪಕ್ಕದ ಗೋಡೆಗೆ ಒರಗಿ ನಿಂತೆ.

ಅವಳು ಎಲ್ಲೂ ತಡವರಿಸದೆ ಓದಿ ಬಂದು ಕೂತಳು. ಅಕ್ಕಪಕ್ಕದವರಿಗೆ ಕೈಕೊಟ್ಟು ಶಾಂತಿ ಹಾರೈಸುವ ಹೊತ್ತು ಬಂದಾಗ ಅವಳು ಹಿಂದಕ್ಕೆ ತಿರುಗಿದಳು. ಅವನು ಕೈ ಚಾಚಲಿಲ್ಲ.

“ಬೆಹನ್‌ಜೀ, ಬಸ್ ಮೇ ಉನ್‌ಕೇ ಬಾಜೂ ಮೇ ಮೈ ಥಾ,” ಎಂದ. ಬಸ್ಸಿನಲ್ಲಿ ಅವರ ಪಕ್ಕ ಕೂತಿದ್ದವನು ತಾನು.

ಆಮೇಲೆ ಎಲ್ಲ ಹೇಳಿದ. ಅವಳು ಇಲ್ಲಿ ಸಿಗುತ್ತಾಳೆಂದು ಯಾರಿಂದಲೋ ತಿಳಿದು ಬಂದಿದ್ದನಂತೆ. ಸಿತ್ರಾ ಸೇತುವೆ ದಾಟುತ್ತಲೇ ಅವರ ತಲೆ ಇವನ ಭುಜಕ್ಕೆ ಒರಗಿತಂತೆ. ಎರಡು ಪಾಳಿ ಒಟ್ಟಿಗೆ ಮಾಡಿದ್ದಾರೆ, ನಿದ್ದೆ ಎಂದುಕೊಂಡನಂತೆ. ಬಸ್ಸು ಸನದ್ ಬಡಾವಣೆಯೆಲ್ಲ ಸುತ್ತಿ ಜನರನ್ನಿಳಿಸುವ ಅರ್ಧ ಗಂಟೆ ಭುಜ ಅಲುಗಿಸದೆ ಕೂತಿದ್ದನಂತೆ. ಯಾರೋ ಜೋರಾಗಿ ಮಾತಾಡಿದಾಗ ಸುಮ್ಮನಿರು ಎಂದು ಗದರಿದ್ದನಂತೆ.

ಉಸಿರಾಟ ಕೇಳಿಸುತ್ತಿತ್ತೇ ಎಂದು ಅವಳು ಹಿಂದಿಯಲ್ಲೇ ಕೇಳಿದಳು, ವಾರ್ಡಿನಲ್ಲಿ ಕೇಳುವ ಹಾಗೆ.

“ಹಾಂ, ಶುರೂ ಮೇ. ಖರ್ರಾಟೇ ಜೈಸಾ.” ಮೊದಲು ಗೊರಕೆಯಂತೆ ಇತ್ತು ಎಂದ.

ಹೃದಯ ನಿಂತವರ ಎದೆಯಿಂದಲೂ ಹಾಗೆ ಸದ್ದು ಬರುತ್ತದೆ, ಬದುಕಿಸಲು ಆಗಿನ್ನೂ ಕೆಲವು ನಿಮಿಷ ಕೈಯಲ್ಲಿರುತ್ತವೆ ಎಂದು ನನಗೆ ಅವಳಿಂದಲೇ ಆಮೇಲೆ ತಿಳಿದದ್ದು.

“ಏಕ್ ಬಾರ್ ಹಿಲಾತೇ,” ಎಂದಳು. ಒಮ್ಮೆ ಅಲುಗಾಡಿಸಿದ್ದರೆ.

ಸುತ್ತಲೂ ಜನ ನಗುತ್ತ ಕೈಕುಲುಕುತ್ತಿದ್ದರು. ಅವನು ಈಗ ಎರಡೂ ಕೈ ಮುಂದೆ ಮಾಡಿದ. ಅವಳು ಓದಿದ ಹಾಳೆಯನ್ನು ಎದೆಗವಚಿಕೊಂಡು ನಿಂತೇ ಇದ್ದಳು. ಅವನು ಎಲ್ಲರ ನಡುವಿನಿಂದ ಹೊರಗೆ ಹೋದ. ಅವನಿಗೊಂದು ಸಲಾಮು ಹೇಳಲೂ ನನಗಾಗಲಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ ಅವಳು ಕೇಳಿದ್ದು ಒಂದೇ: “ಅವನನ್ನು ನೀವು ಯಾಕೆ ಒಳಗೆ ಕರೆದದ್ದು?” ಆಮೇಲೆ ಜನವರಿಯಿಡೀ ಅವಳ ಬಾಗಿಲು ನನಗೆ ತೆರೆಯಲಿಲ್ಲ.

ಫೆಬ್ರವರಿಯಲ್ಲಿ ಒಂದು ಸಂಜೆ ತಾನಾಗಿ ಬಂದಳು. “ಆ ಮನುಷ್ಯನನ್ನು ಹುಡುಕ್ಲಿಕ್ಕೆ ಆಗ್ತದಾ ನೋಡಿ ಮಾರಾಯ್ರೆ. ಗೊರಕೆ ಅಂತ ಯಾರಾದ್ರೂ ಅಂದ್ಕೊಳ್ತಾರೆ. ಅದು ಗೊರಕೆ ಅಲ್ಲ ಅಂತ ಅವನಿಗೆ ಹೇಗೆ ಗೊತ್ತಾಗ್ಬೇಕು?”

ಮರುದಿನವೇ ಆ ಬಸ್ಸಿನ ಚಾಲಕನನ್ನು ವಿಚಾರಿಸಿದೆ. ವೀಸಾ ರದ್ದು ಮಾಡಿಸಿಕೊಂಡು ಆ ಸಲ್ವಾರ್ ಕಮೀಜಿನವನು ಊರಿಗೆ ಹೋಗಿ ತಿಂಗಳಾಗಿತ್ತು. ಅವನ ಇಲ್ಲಿಯ ನಂಬರಿಗೆ ಫೋನು ಹೋಗುತ್ತಿರಲಿಲ್ಲ. ಅಲ್ಲಿಯದು ಯಾರ ಬಳಿಯೂ ಇರಲಿಲ್ಲ.

ಅವಳಿಗೆ ಹೇಳಿದೆ. “ಹೌದಾ,” ಎಂದಳು. ಆಮೇಲೆ ಡ್ಯೂಟಿಗೆ ಹೊತ್ತಾಯಿತೆಂದು ಲಿಫ್ಟಿನ ಕಡೆ ನಡೆದಳು.