ಕಿವಿ ಏರಿದ ಬೆಂಡೋಲೆ

ಹೋದ ವಾರ ನನ್ನ ಹೆಂಡತಿಯ ಬೆಂಡೋಲೆ ಕಿವಿಯ ಮೇಲೆ ಹತ್ತಿತು.

(ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು. ಹೆದರಬೇಡಿ, ಇದು ದೆವ್ವದ ಕಥೆಯಲ್ಲ. ಕಂಪ್ಯೂಟರಿನ ಕಥೆ.)

ನೀವು ಮೊಬೈಲಿನಲ್ಲಿ ನೋಡಿರುತ್ತೀರಿ. ಒಂದು ಮುಖ ಕರಗುತ್ತ ಕರಗುತ್ತ ಇನ್ನೊಂದು ಮುಖವಾಗುತ್ತದೆ. ಹುಡುಗ ಮುದುಕನಾಗುತ್ತಾನೆ, ಹುಲಿ ಹೆಣ್ಣಾಗುತ್ತದೆ. ಇದಕ್ಕೆ ಮಾರ್ಫಿಂಗ್ ಅನ್ನುತ್ತಾರೆ. ಪೇಪರಿನಲ್ಲಿ ಈ ಶಬ್ದ ಬಂದರೆ ಪಕ್ಕದಲ್ಲಿ ಪೊಲೀಸರೂ ಇರುತ್ತಾರೆ. ರಿಟೈರ್ ಆದ ಡ್ರಾಯಿಂಗ್ ಮಾಸ್ತರನೊಬ್ಬ ಆಳಂದದ ಮನೆಯಲ್ಲಿ ಒಬ್ಬನೇ ಕುಳಿತು ಮಾರ್ಫಿಂಗ್ ಮಾಡುತ್ತಿದ್ದಾನೆ ಎಂದರೆ ನೀವು ಏನಾದರೂ ತಿಳಿದೀರಿ. ಅದಕ್ಕೇ ಮೊದಲು ಹೇಳಿಬಿಡುತ್ತೇನೆ, ಎರಡೂ ಫೋಟೋ ನನ್ನ ನೀಲಮ್ಮನವೇ.

ಒಂದು ಮದುವೆಯ ಫೋಟೋ, ಕಪ್ಪು ಬಿಳುಪಿನದು. ಇನ್ನೊಂದು ಪೆನ್ಷನ್ ಕಾಗದಕ್ಕೆಂದು ಅಫಜಲಪುರದಲ್ಲಿ ತೆಗೆಸಿದ ಜೋಡಿ ಫೋಟೋ. ನಡುವೆ ಮೂವತ್ತನಾಲ್ಕು ವರ್ಷ. ಆ ಮೂವತ್ತನಾಲ್ಕು ವರ್ಷದಲ್ಲಿ ಆಕೆಯದು ಒಂದೇ ಒಂದು ಫೋಟೋ ಇಲ್ಲ.

ಹೇಗೆ ಇಲ್ಲ? ಮನೆಯಲ್ಲಿ ಕ್ಯಾಮೆರಾ ಇತ್ತಲ್ಲ! ಮಾದನಹಿಪ್ಪರಗಾ, ಕೊಳಕೂರ, ಇಜೇರಿ, ಕೊನೆಗೆ ಅಫಜಲಪುರ. ಕೆಲಸ ಮಾಡಿದ ಊರಲ್ಲೆಲ್ಲ ಶಾಲೆಯ ಗ್ರೂಪ್ ಫೋಟೋ ತೆಗೆದವನು ನಾನೇ. ಮುಂದಿನ ಸಾಲಿನ ಹುಡುಗನ ಅಂಗಿಯ ಗುಂಡಿ ಬಿಚ್ಚಿದ್ದರೆ ಅದನ್ನು ಹಾಕಿಸಿ ಆಮೇಲೆ ಕ್ಲಿಕ್. ಒಮ್ಮೆ ನೀಲಮ್ಮ, ನಂದೂ ಒಂದು ತೆಗೆಯಿರಿ ಎಂದಿದ್ದಳು. ರೋಲ್ ಮುಗಿದಿದೆ ಎಂದೆ. ಮುಗಿದಿರಲಿಲ್ಲ. ಎರಡು ಉಳಿದಿದ್ದವು, ಶಾಲೆಗೆ ಬೇಕಿದ್ದವು.

ಈಗ ಏನಾಗಿದೆ ಎಂದರೆ, ಕಣ್ಣು ಮುಚ್ಚಿದರೆ ಮದುವೆ ಹೆಣ್ಣು ನೆನಪಾಗುತ್ತಾಳೆ. ಆಸ್ಪತ್ರೆಯ ಮಂಚದ ಮೇಲಿನ ನೀಲಮ್ಮ ನೆನಪಾಗುತ್ತಾಳೆ. ನಡುವಿನವಳು ಬರುವುದಿಲ್ಲ. ರೊಟ್ಟಿ ಬಡಿದವಳು, ಜಗಳ ಮಾಡಿದವಳು, ನನ್ನ ಜೊತೆ ಊರೂರು ಪೆಟ್ಟಿಗೆ ಕಟ್ಟಿದವಳು. ಆಕೆಯ ಮುಖ ದಿನದಿನಕ್ಕೆ ಅಳಿಸಿಹೋಗುತ್ತಿದೆ. ನನಗೆ ಆ ಮುಖ ಒಮ್ಮೆ ನೋಡಬೇಕಿತ್ತು, ಇಷ್ಟೇ.

ಮೊದಲು ಮೊಬೈಲಿನ ಆ್ಯಪ್ ಹಾಕಿಕೊಂಡೆ. ಅದಕ್ಕೆ ಓದುವಂಥ ಮ್ಯಾನ್ಯುಯಲ್ ಇಲ್ಲ, ಹುಡುಗನೊಬ್ಬ ಕೈ ಬೀಸುತ್ತ 'ಹಲೋ ಫ್ರೆಂಡ್ಸ್' ಎನ್ನುವ ವಿಡಿಯೋ ಇದೆ. ಎರಡು ಫೋಟೋ ಕೊಟ್ಟರೆ ಮುಗಿಯಿತು, ಉಳಿದದ್ದು ಅದೇ ಮಾಡುತ್ತದೆ. ಮಾಡಿತು. ನಡುವೆ ಬಂದವಳಿಗೆ ಕೆನ್ನೆ ಗುಲಾಬಿ, ಮೂಗು ಚೂಪು, ಬಣ್ಣ ಹಾಲಿನಂತೆ. ಯಾವುದೋ ಸೋಪಿನ ಜಾಹೀರಾತಿನ ಹೆಣ್ಣುಮಗಳು ನನ್ನ ಹೆಂಡತಿಯ ಸೀರೆ ಉಟ್ಟು ನಗುತ್ತಿದ್ದಳು. ಡಿಲೀಟ್ ಮಾಡಿದೆ.

ಎರಡನೆಯದು ದೊಡ್ಡ ಕಂಪನಿಯದು. ಮ್ಯಾನ್ಯುಯಲ್ ನೋಡಿ ಖುಷಿಯಾಯಿತು, ನೂರಾರು ಪುಟ, ಬಣ್ಣದ ಚಿತ್ರ. 'ಸೇವ್ ಬಟನ್ ಒತ್ತಿದರೆ ಸೇವ್ ಆಗುತ್ತದೆ' ಎಂದು ಬರೆದಿದ್ದಾರೆ. ಅದು ನಮಗೆ ಗೊತ್ತಿಲ್ಲವೇ? ಎರಡು ಮುಖ ಹೊಂದದಿದ್ದರೆ ಏನು ಮಾಡಬೇಕು ಎಂಬಲ್ಲಿಗೆ ಬಂದರೆ, ಅಗತ್ಯಕ್ಕೆ ತಕ್ಕಂತೆ ಸರಿಪಡಿಸಿಕೊಳ್ಳಿ ಎಂದು ಮುಗಿಸಿದ್ದಾರೆ. (ನಮ್ಮ ಶಿಕ್ಷಣ ಇಲಾಖೆಯ ಸುತ್ತೋಲೆ ಬರೆದವರೇ ಇದನ್ನೂ ಬರೆದಿರಬೇಕು.)

ಮೂರನೆಯದು ಪುಕ್ಕಟೆ. ಯಾವುದೋ ದೇಶದ ಒಬ್ಬನೇ ಮನುಷ್ಯ ಎಂದೋ ಮಾಡಿಟ್ಟದ್ದು. ನೋಡಲು ಚೆಂದವಿಲ್ಲ. ಮ್ಯಾನ್ಯುಯಲ್ ಹನ್ನೊಂದೇ ಪುಟ. ಆದರೆ ಬರೆದವನು ಪಕ್ಕದಲ್ಲಿ ಕುಳಿತು ಹೇಳಿದಂತಿದೆ. ಅವಸರ ಮಾಡಬೇಡಿ, ಕಣ್ಣಿನಿಂದ ಶುರುಮಾಡಿ ಎನ್ನುತ್ತಾನೆ. ಮೊದಲ ಫೋಟೋದಲ್ಲಿ ಒಂದು ಚುಕ್ಕಿ ಇಟ್ಟರೆ ಎರಡನೆಯದರಲ್ಲೂ ಅದೇ ಜಾಗಕ್ಕೆ ಇಡಿ ಎನ್ನುತ್ತಾನೆ. ಎಲ್ಲೋ ಒಂದು ಕಡೆ ರೇಗುತ್ತಾನೆ ಕೂಡ. ಮಾತಾಡುವವರಿಲ್ಲದ ಮನೆಯಲ್ಲಿ ಅದೂ ಹಿತವಾಗಿತ್ತು. ಡಿಕ್ಷನರಿ ಇಟ್ಟುಕೊಂಡು ಎರಡು ಸಲ ಓದಿದೆ. ನಿಜ ಹೇಳಬೇಕೆಂದರೆ, ಎರಡನೆಯ ಸಲ ಓದಿದ್ದು ಸಾಫ್ಟ್‌ವೇರಿಗಾಗಿ ಅಲ್ಲ.

ಚುಕ್ಕಿ ಇಟ್ಟೆ. ಕಣ್ಣು, ಹುಬ್ಬು, ಮೂಗುಬೊಟ್ಟು, ತುಟಿ, ಬೆಂಡೋಲೆ. ಸಾಫ್ಟ್‌ವೇರ್ ಓಡಿಸಿದೆ. ಮುಖ ಚೆನ್ನಾಗಿಯೇ ಬಂತು. ಆದರೆ ಎಡಗಿವಿಯ ಬೆಂಡೋಲೆ ಮಾತ್ರ ಇರುವೆಯಂತೆ ಮೆಲ್ಲಗೆ ಮೇಲಕ್ಕೆ ಹತ್ತುತ್ತದೆ! ಅಳಿಸಿ ಮತ್ತೆ ಮಾಡಿದೆ. ಮತ್ತೆ ಹತ್ತಿತು. ದೊಡ್ಡ ಕಂಪನಿಯದರಲ್ಲಿ ಹಾಕಿ ನೋಡಿದೆ. ಅಲ್ಲೂ ಹತ್ತಿತು, ಇನ್ನೂ ಸ್ಪಷ್ಟವಾಗಿ.

ಹನ್ನೊಂದು ಪುಟದವನ ಕೊನೆಯ ಪುಟ ತೆಗೆದೆ. ತೊಂದರೆಗಳ ಪಟ್ಟಿ ಇತ್ತು. ನಡುವೆ ಏನಾದರೂ ಜಾಗ ಬಿಟ್ಟು ಸರಿದರೆ ಚುಕ್ಕಿ ತಪ್ಪಾಗಿದೆ ಎಂದರ್ಥ, ಚುಕ್ಕಿ ಸರಿಯಿದ್ದರೆ ಸಾಫ್ಟ್‌ವೇರಿಗೆ ಬೈಯದೆ ಫೋಟೋವನ್ನು ಮತ್ತೆ ನೋಡಿ ಎಂದಿದ್ದ.

ನೋಡಿದೆ. ಪೆನ್ಷನ್ ಫೋಟೋ ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ. ಎಡಗಿವಿಯ ಬೆಂಡೋಲೆ ಇದ್ದದ್ದು ಮದುವೆಯ ಫೋಟೋದಲ್ಲಿದ್ದಂತೆ ಕಿವಿಯ ಹಾಲೆಯಲ್ಲಿ ಅಲ್ಲ, ಅದಕ್ಕಿಂತ ಮೇಲೆ. ಕೆಳಗೆ ಹಾಲೆ ಎರಡಾಗಿ ಸೀಳಿತ್ತು. ಸ್ಕ್ಯಾನಿನ ಗೀರು ಎಂದುಕೊಂಡಿದ್ದೆ.

ಆ ಸ್ಟುಡಿಯೋದ ದಿನ ನೆನಪಾಯಿತು. ಕಿವಿ ಕಾಣಬೇಕು, ಸೆರಗು ಸರಿಸಿ ಎಂದು ಫೋಟೋದವನು ಹೇಳಿದ. ನೀಲಮ್ಮ ಸರಿಸಲಿಲ್ಲ, ನನ್ನ ಮುಖ ನೋಡಿದಳು. ಸರ್ಕಾರದ ಕೆಲಸ, ತೆಗಿ ಎಂದೆ. ನಾಚಿಕೆ ಎಂದುಕೊಂಡಿದ್ದೆ.

ಒಂದೇ ಮನೆಯಲ್ಲಿದ್ದು ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ವಾರದಿಂದ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ.

ಕಿವಿಯ ಸಂಗತಿ ಗೊತ್ತಿದ್ದರೆ ಅಕ್ಕಸಾಲಿಗನಿಗೇ ಗೊತ್ತಿರಬೇಕು. ನೀಲಮ್ಮ ಹೋಗುತ್ತಿದ್ದ ಅಂಗಡಿಗಳಲ್ಲಿ ನನಗೆ ಗೊತ್ತಿದ್ದದ್ದು ಒಂದೇ, ನಾವು ಇಜೇರಿಯಲ್ಲಿದ್ದಾಗಿನ ಜೇವರ್ಗಿಯ ಮೌನೇಶಪ್ಪನದು. ಬೆಳಿಗ್ಗೆ ಬಸ್ ಹತ್ತಿದೆ, ಕಲಬುರಗಿಯಲ್ಲಿ ಇನ್ನೊಂದು ಬಸ್ ಹಿಡಿದೆ. ಅಂಗಡಿ ಈಗ ಮಗನದು. ಮೌನೇಶಪ್ಪ ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕುಳಿತಿದ್ದ. ಕಣ್ಣು ಮಂದ. ಕಂಪ್ಯೂಟರಿನ ಕಥೆ ಪೂರ್ತಿ ಹೇಳಿದೆ. ಆತ ಫೋಟೋವನ್ನು ಮೂಗಿಗೆ ಹಚ್ಚಿ ನೋಡಿದ, ಬೆರಳಿನಿಂದ ಕಿವಿ ಮುಟ್ಟಿದ.

"ಇದು ನಾ ಚುಚ್ಚಿದ್ ತೂತರಿ ಮಾಸ್ತರ್," ಎಂದ. "ನಿಮಗ ಗೊತ್ತಿಲ್ಲೇನ್ರಿ?"

ಇಲ್ಲ ಎಂದೆ. ಆತ ಫೋಟೋ ನನ್ನ ಕೈಗೆ ವಾಪಸು ಕೊಟ್ಟ. ಆಮೇಲೆ ಹೇಳಿದ. ಇಜೇರಿಯಲ್ಲಿ ನಮ್ಮ ಬಾಜೂ ಮನೆ ಮೆಹಬೂಬ್‌ಬಿಯದು. ಆಕೆಗೊಂದು ಕೂಸು. ಆಕೆ ಹೊಲದ ಕೂಲಿಗೆ ಹೋದಾಗ ಕೂಸು ನಮ್ಮ ಮನೆಯಲ್ಲಿರುತ್ತಿತ್ತಂತೆ, ದಿನಾ, ನಾನು ಶಾಲೆಯಿಂದ ಬರುವವರೆಗೆ. ಒಂದು ದಿನ ನೀಲಮ್ಮ ಎತ್ತಿಕೊಂಡಿದ್ದಾಗ ಅದು ಬೆಂಡೋಲೆ ಹಿಡಿದು ಜಗ್ಗಿದೆ, ಹಾಲೆ ಹರಿದಿದೆ. ಮೆಹಬೂಬ್‌ಬಿಯೇ ಅಳುತ್ತ ಕರೆದುಕೊಂಡು ಬಂದಳಂತೆ. ಗಾಯ ಮಾಯಲಿ, ಮೂರು ತಿಂಗಳು ಬಿಟ್ಟು ಬನ್ನಿ, ಮೇಲೆ ಹೊಸದು ಚುಚ್ಚುತ್ತೇನೆ ಎಂದು ಮೌನೇಶಪ್ಪ ಕಳಿಸಿದ್ದ.

ನನಗೆ ಯಾಕೆ ಹೇಳಲಿಲ್ಲ? ಕೇಳಿದೆ.

"ಅಕ್ಕೋರು ಅಂದ್ರು, ಮಾಸ್ತರಿಗಿ ಹೇಳಬ್ಯಾಡ್ರಿ. ಗೊತ್ತಾದ್ರ ನಾಳಿಂದ ಕೂಸಿಗಿ ಮನಿಗಿ ಬರಗೊಡಂಗಿಲ್ಲ."

ಹೌದು. ಬಿಡುತ್ತಿರಲಿಲ್ಲ. ನಮಗೆ ಮಕ್ಕಳಿರಲಿಲ್ಲ. ಬೇರೆಯವರ ಕೂಸಿನ ಗದ್ದಲ ಮನೆಯಲ್ಲಿ ಬೇಡ ಎಂದು ನಾನೇ ಹೇಳಿದ್ದೆ. ಯಾಕೆ ಗೊತ್ತೇ? ನನಗೆ ಬರೆಯಬೇಕಿತ್ತು. ಆಗಲೂ ಅಂಕಣ ಬರೆಯುತ್ತಿದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದೆ. ಮನೆಯಲ್ಲಿ ಒಬ್ಬನೇ ಇರುವುದು ಈ ಎರಡು ವರ್ಷದಲ್ಲಿ ರೂಢಿಯಾಗಿದೆ. ನಾನಿದ್ದಾಗಲೂ ಆಕೆ ಒಬ್ಬಳೇ ಇದ್ದಳು ಎಂದು ಈಗ ತಿಳಿಯಿತು. ಬಸ್ಸಿನಿಂದ ಇಳಿದ ಮೇಲೆ ಖಾನಾವಳಿಗೂ ಹೋಗಲಿಲ್ಲ.

ಮನೆಗೆ ಬಂದು ಚುಕ್ಕಿ ಸರಿಮಾಡಿದೆ. ಬೆಂಡೋಲೆಯ ಮೇಲೆ ಇಟ್ಟದ್ದನ್ನು ತೆಗೆದು ಹಾಲೆಯ ಅಂಚಿಗೆ ಇಟ್ಟೆ. ಈಗ ಬೆಂಡೋಲೆ ಹತ್ತುವುದಿಲ್ಲ. ಹಳೆಯದು ಇದ್ದಲ್ಲೇ ಮಾಸುತ್ತದೆ, ಹೊಸದು ಮೇಲೆ ನಿಧಾನಕ್ಕೆ ಮೂಡುತ್ತದೆ. ನಟ್ಟನಡುವೆ ಒಂದು ಕ್ಷಣ ಕಿವಿಯಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಅಲ್ಲಿ ನಿಲ್ಲಿಸಿದೆ. ನಾನು ಹುಡುಕುತ್ತಿದ್ದ ನೀಲಮ್ಮ ಇವಳೇ, ಆ ಮೂರು ತಿಂಗಳು ಬರಿಗಿವಿಯಲ್ಲಿದ್ದ ಇಜೇರಿಯ ಮನೆಯವಳು. ಮುಖ ಥಟ್ಟನೆ ಗುರುತಾಯಿತು. ಕಿವಿ ಮಾತ್ರ ನನಗೆ ಹೊಸದು.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಹಳೆಯ ಓದುಗರಿಗೆ ನೆನಪಿರಬಹುದು, ಅಫಜಲಪುರದಲ್ಲಿದ್ದಾಗ ಇದೇ ಅಂಕಣದಲ್ಲಿ ಸೆರಗಿನ ಬಗ್ಗೆ ಬರೆದಿದ್ದೆ. ಮೊದಲು ಹಿರಿಯರು ಬಂದರೆ ಮಾತ್ರ ತಲೆ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದ ನನ್ನ ಹೆಂಡತಿ, ಇಜೇರಿಗೆ ಬಂದ ಮೇಲೆ ಮನೆಯೊಳಗೂ ಅದನ್ನು ಜಾರಗೊಡಲಿಲ್ಲ, ಇಂಥ ಮರ್ಯಾದೆ ಈಗಿನವರಲ್ಲಿ ಎಲ್ಲಿದೆ ಎಂದು. ತುಂಬ ಜನ ಪತ್ರ ಬರೆದು ಹೊಗಳಿದ್ದಿರಿ. ಪೇಪರ್ ಬಂದ ದಿನ ಆಕೆಗೆ ಓದಿ ಹೇಳಿದೆ. ನೀಲಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಹೊಗಳಿಕೆಗೆ ನಾಚಿದಳು ಎಂದುಕೊಂಡು ನಾನು ಮುಂದಿನ ವಾರದ್ದು ಬರೆಯಲು ಕುಳಿತೆ.

ಯಾಕೆ ನಗ್ತಿ ಎಂದು ಒಂದು ಮಾತು ಕೇಳಲು ನನಗೆ ಏನಾಗಿತ್ತು?