ಮನೆಗೊಂದು ಹೊಲಿಗೆ ಮಿಷನ್

ಲಾರಿ ಮಗುಚಿ ಗಂಡ ಸತ್ತ ಮೇಲೆ ಸಿಡುಕಿಗೆ ಎಲ್ಲರೂ ಹೇಳಿದ್ದು ಒಂದೇ ಮಾತು: "ಹೊಲಿಗೆ ಕಲಿ." ಅತ್ತೆ ಹೇಳಿದಳು, ಅಣ್ಣ ಹೇಳಿದ, ವಿಧವೆಯರಿಗೆ ಕಸುಬು ಕಲಿಸುವ ಕೇಂದ್ರದ ಮೇಡಂ ಮನೆ ಬಾಗಿಲಿಗೇ ಬಂದು ಹೇಳಿದರು. ಮುಂಗೋಪಕ್ಕೆ ಚಿಕ್ಕಂದಿನಲ್ಲೇ ಆ ಅಡ್ಡಹೆಸರು ಅಂಟಿಸಿಕೊಂಡಿದ್ದವಳು ಅವತ್ತು ತುಟಿ ಪಿಟಕ್ಕೆನ್ನದೆ ಹೋಗಿ ಕಲಿತಳು. ಚೆನ್ನಾಗಿಯೇ ಕಲಿತಳು. ಕೊನೆಯ ದಿನ ಅವಳಿಗೂ ಒಂದು ಹೊಲಿಗೆ ಮಿಷನ್ ಕೊಟ್ಟು ಕಳಿಸಿದರು.

ಮಿಷನ್ ಮನೆಗೆ ಬಂತು, ಬಟ್ಟೆ ಬರಲಿಲ್ಲ. ಬರುವುದಾದರೂ ಎಲ್ಲಿಂದ? ಎದುರು ಮನೆಯಾಕೆಗೂ ಅದೇ ಕೇಂದ್ರದ ಮಿಷನ್, ಹಿಂದಿನ ಬೀದಿಯ ಅಕ್ಕತಂಗಿಯರಿಗೂ ಅದೇ.

"ಊರಲ್ಲಿ ಮೈಗಳಿಗಿಂತ ಮಿಷನ್ನೇ ಜಾಸ್ತಿ ಆಗಿದೆ!" ಎಂದು ಸಿಡುಕಿ ರೇಗಿದಳು.

"ನನ್ನ ಮೇಲೆ ಯಾಕೆ ಹಾರಾಡ್ತೀಯೆ? ಕೊಟ್ಟೋಳು ನಾನಾ?" ಎಂದಳು ಅತ್ತೆ.

ಪೇಟೆಯಲ್ಲಿ ಬೈಕು, ಟ್ರ್ಯಾಕ್ಟರುಗಳ ಸೀಟಿಗೆ ಕವರು ಹೊಲಿಯುವ ಅಂಗಡಿಯಿತ್ತು. ಅದರ ಮಾಲೀಕನನ್ನು ಎಲ್ಲರೂ ಸೀಟಣ್ಣ ಎನ್ನುತ್ತಿದ್ದರು. ಹರಿದ ಸೀಟುಗಳು ಬಾಗಿಲವರೆಗೆ ರಾಶಿ ಬಿದ್ದಿದ್ದವು, ಗಿರಾಕಿಗಳು ಬೈಯುತ್ತ ನಿಂತಿದ್ದರು. ಅದನ್ನು ಕಂಡ ಸಿಡುಕಿ ರೆಕ್ಸಿನ್ ತುಂಡೊಂದನ್ನು ಕೇಳಿ ತಂದು ತನ್ನ ಮಿಷನ್ನಿಗೆ ಕೊಟ್ಟಳು. ಮಡಿಕೆ ಬಂದ ಕಡೆ ಸೂಜಿ ಟಕ್ಕೆಂದು ಮುರಿಯಿತು. ಇನ್ನೊಂದು ಹಾಕಿದಳು, ಅದೂ ಮುರಿಯಿತು. ಇದ್ದ ಸೂಜಿಯೆಲ್ಲ ಮುಗಿದಾಗ ಮಿಷನ್ನಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನವೇ ಕೇಂದ್ರಕ್ಕೆ ಹೋದಳು. "ಮೇಡಂ, ದಪ್ಪ ರೆಕ್ಸಿನ್ ಹೊಲಿಯೋ ಮಿಷನ್ ಕಲಿಸಿ. ಪೇಟೇಲಿ ಕೆಲಸ ಕಾದು ಕೂತಿದೆ."

"ಅದಕ್ಕೆ ನಮ್ಮಲ್ಲಿ ಅವಕಾಶ ಇಲ್ಲ ಕಣಮ್ಮ. ಬೇಕಿದ್ರೆ ಕಸೂತಿ ಕ್ಲಾಸಿಗೆ ಸೇರ್ಕೋ."

"ಅಂಗೀನೇ ಹೊಲಿಸೋರಿಲ್ಲ, ಕಸೂತಿ ಯಾರ ಬೆನ್ನ ಮೇಲೆ ಹಾಕ್ಲಿ?"

ಮೇಡಂ ಕೆಟ್ಟವರಲ್ಲ. "ಮೇಲಿನೋರಿಗೆ ಹೇಳಿ ಹೇಳಿ ನನಗೂ ಸಾಕಾಗಿದೆ. ಗೋಡೆಗೆ ಹೇಳಿದ ಹಾಗೆ," ಎಂದು ಮುಖ ತಿರುಗಿಸಿದರು. ಬೈಯಲೆಂದು ಬಾಯಿ ತೆರೆದಿದ್ದ ಸಿಡುಕಿಗೆ ಬೈಯಲೂ ಆಗಲಿಲ್ಲ. ಅಲ್ಲಿಂದ ನೆಟ್ಟಗೆ ಸೀಟಣ್ಣನ ಅಂಗಡಿಗೆ ನಡೆದಳು.

"ಹೆಂಗಸರು ಈ ಮಿಷನ್ ಮುಟ್ಟಿದ್ರೆ ಬೆರಳು ಹೋಗುತ್ತೆ," ಎಂದ ಅವನು.

"ನಿಮ್ಮ ಬೆರಳೇನು ಕಬ್ಬಿಣದ್ದಾ ಅಣ್ಣಾ?"

ಗಿರಾಕಿಗಳು ನಕ್ಕರು. ಅವಮಾನವಾಯಿತೋ, ಕೆಲಸದ ರಾಶಿ ಕಣ್ಣಿಗೆ ಬಿತ್ತೋ, ಸೀಟಣ್ಣ ಅವಳಿಗೊಂದು ಬ್ಲೇಡು ಕೊಟ್ಟು ಹಳೇ ಕವರುಗಳ ಹೊಲಿಗೆ ಬಿಚ್ಚಲು ಕೂರಿಸಿದ. ತಿಂಗಳುಗಟ್ಟಲೆ ಬಿಚ್ಚಿದ್ದೇ ಬಿಚ್ಚಿದ್ದು. ಮೂಗಿನ ತುಂಬ ಧೂಳು, ಕೂದಲ ತುಂಬ ಫೋಮಿನ ಪುಡಿ. ಹೊಲಿಯಲು ಕಲಿತವಳಿಗೆ ಬಿಚ್ಚುವ ಕೆಲಸ!

ಒಂದು ದಿನ ಟ್ರ್ಯಾಕ್ಟರಿನವನೊಬ್ಬ, ಇನ್ನು ಕಾಯಲಾರೆ ಎಂದು ಸೀಟನ್ನು ವಾಪಸು ಎತ್ತಿಕೊಂಡ. ಸಿಡುಕಿ ಯಾರನ್ನೂ ಕೇಳದೆ ಅವನ ಸೀಟಿಗೆ ಕತ್ತರಿಸಿಟ್ಟಿದ್ದ ರೆಕ್ಸಿನ್ ಹಿಡಿದು ದೊಡ್ಡ ಮಿಷನ್ನಿಗೆ ಕೂತಳು. ಸೀಟಣ್ಣ ಕೂಗಾಡುತ್ತಿದ್ದಂತೆ ಹೊಲಿಗೆ ಹಾವಿನಂತೆ ಅಂಕುಡೊಂಕಾಗಿ ಹೋಯಿತು. ಅದನ್ನೂ ಅವಳ ಕೈಯಲ್ಲೇ ಬಿಚ್ಚಿಸಿದ. ಆದರೆ ಮಿಷನ್ನಿನಿಂದ ಎಬ್ಬಿಸಲಿಲ್ಲ. "ಬಿಗಿಯಾಗಿ ಹಿಡಿಬೇಡ, ಅದರಷ್ಟಕ್ಕೆ ಬಿಡು," ಎಂದು ಗೊಣಗಿದ.

ಈಗ ನೇರ ಹೊಲಿಗೆಯೆಲ್ಲ ಅವಳದೇ, ಕೂಲಿಯೂ ಕೈಗೆ ಬರುತ್ತದೆ. ಕವರು ತಿರುಗುವ ಮೂಲೆಗಳ ಹೊಲಿಗೆಯನ್ನು ಮಾತ್ರ ಸೀಟಣ್ಣ ಬಿಟ್ಟುಕೊಟ್ಟಿಲ್ಲ. ಮೂಲೆ ಬಾರದೆ ಸ್ವಂತ ಅಂಗಡಿ ಕನಸಿನ ಮಾತು.

"ಮೂಲೆ ಯಾವಾಗ ಕಲಿಸ್ತೀರ ಅಣ್ಣಾ?"

"ನೋಡೋಣ."

ಆ "ನೋಡೋಣ" ಕಿವಿಗೆ ಬಿದ್ದರೆ ಸಾಕು, ಅವಳಿಗೆ ಮೈಯೆಲ್ಲ ಉರಿಯುತ್ತದೆ. ಆದರೂ ದಿನಾ ಸಂಜೆ ಬಾಗಿಲು ಎಳೆಯುವ ಮುಂಚೆ ಕೇಳದೆ ಬಿಡುವುದಿಲ್ಲ.