ಡೆಲ್ಚೊನ ಕೋಷ್ಟಕದ ಕೊನೆಯ ಕಾಲಂ

ಡೆಲ್ಚೊ ಪಾನೆವ್ ಈ ಲೋಕದಲ್ಲಿ ನಂಬಿದ್ದು ಎರಡನ್ನೇ: ಒಂದು ನೀರು, ಇನ್ನೊಂದು ಯೋರ್ದಾಂಕಾ. ಅವನು ತೀರಿಕೊಂಡ ಮೇಲೆ ಊರಿನಲ್ಲಿ ಅವನ ಬಗ್ಗೆ ಬಹಳ ಒಳ್ಳೆಯ ಮಾತುಗಳು ಕೇಳಿಬರುತ್ತಿವೆ. ಅಂಥ ಮಾತುಗಳನ್ನು ಅವನು ನಂಬುತ್ತಿರಲಿಲ್ಲ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಹೇಳುವುದೇ ಸರಿ. ಅದರಲ್ಲೂ, ಆ ಎರಡರಲ್ಲಿ ಒಂದರ ಮೇಲಿನ ನಂಬಿಕೆ ಅವನಿಗೆ ಹೋಗಿಬಿಟ್ಟಿದ್ದ ಆ ಚಳಿಗಾಲದ ಸಂಗತಿಯನ್ನು.

ಸ್ತಾರಾ ಝಗೋರಾದಲ್ಲಿ ರೋಬಾಟ್ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಅವನು ತಪಾಸಣೆ ವಿಭಾಗದಲ್ಲಿದ್ದ. ಬೇರೆಯವರು ಮಾಡಿದ್ದನ್ನು ಅಳೆಯುವುದು, ಸರಿಯಿದ್ದರೆ ಠಸ್ಸೆ ಒತ್ತುವುದು, ಇಲ್ಲದಿದ್ದರೆ ಮರುಮಾತಿಲ್ಲದೆ ವಾಪಸು ಕಳಿಸುವುದು. ಅನುಮಾನಪಡುವುದಕ್ಕೇ ಸಂಬಳ ತೆಗೆದುಕೊಂಡವನು. ಅವನಿಗೊಂದು ನಿಯಮವಿತ್ತು: ಅಳೆಯುವಾಗ ಪಕ್ಕದಲ್ಲಿ ಯಾರೂ ನಿಲ್ಲಬಾರದು. ಮಾಡಿದವನ ಮುಖ ಕಣ್ಣಿಗೆ ಬಿದ್ದರೆ ಕೈ ಸಡಿಲವಾಗುತ್ತದೆ ಎನ್ನುತ್ತಿದ್ದ. ದೊಡ್ಡ ಎಂಜಿನಿಯರೇ ಬಂದರೂ ಬಾಗಿಲ ಹೊರಗೆ ನಿಲ್ಲಬೇಕು.

ಯೋರ್ದಾಂಕಾ ಮೋಟರಿಗೆ ತಂತಿ ಸುತ್ತುವ ಸಾಲಿನಲ್ಲಿದ್ದವಳು. ಎಂಬತ್ತಮೂರನೆಯ ಇಸವಿಯಲ್ಲಿ ಒಂದು ದಿನ ಅವಳು ಸುತ್ತಿದ್ದ ನಲವತ್ತು ಸುರುಳಿಗಳ ಒಂದು ತಟ್ಟೆಯನ್ನು ಅವನು ಇಡಿಯಾಗಿ ತಳ್ಳಿಹಾಕಿದ. ಬೇರೆ ಹೆಂಗಸರಾಗಿದ್ದರೆ ಅತ್ತು ಕರೆದು, ಮೇಲಿನವರಿಗೆ ದೂರು ಕೊಡುತ್ತಿದ್ದರು. ಅವಳು ತಟ್ಟೆ ಎತ್ತಿಕೊಂಡು ಹೊರಟವಳು ಬಾಗಿಲಲ್ಲಿ ನಿಂತು ಹೇಳಿದಳು: "ಮೂವತ್ತೊಂಬತ್ತು ಕೆಟ್ಟಿವೆ, ಒಪ್ಕೋತೀನಿ. ತಂತಿನೇ ಹಾಗೆ ಬಂದಿತ್ತು. ಆದ್ರೆ ಹನ್ನೊಂದನೇದು ಸರಿಯಾಗಿದೆ. ಅದನ್ನ ನೀನು ಅಳೆದೇ ಇಲ್ಲ." ಅವನು ಹನ್ನೊಂದನೆಯದನ್ನು ಅಳೆದ. ಸರಿಯಾಗಿತ್ತು. ಅವತ್ತಿನಿಂದ ಅವನು ಯೋರ್ದಾಂಕಾಳನ್ನು ಅನುಮಾನಿಸುವುದನ್ನು ಬಿಟ್ಟ. ಅವಳ ಗಂಡನಿಗೂ ಅವನ ಹೆಂಡತಿಗೂ ಇದು ವಿಚಿತ್ರವಾಗಿ ಕಂಡು, ಆಮೇಲೆ ಅಭ್ಯಾಸವಾಯಿತು. ಅವರಿಬ್ಬರೂ ತೀರಿಹೋದ ಮೇಲೆ ಇವರಿಬ್ಬರೇ ಉಳಿದರು.

ಕಾರ್ಖಾನೆ ಮುಚ್ಚಿತು. ಡೆಲ್ಚೊನ ಅನುಮಾನ ಎಲ್ಲಿಗೆ ಹೋಗಬೇಕು? ತರಕಾರಿ ಅಂಗಡಿಯ ತಕ್ಕಡಿಯ ಮೇಲೆ, ಗ್ಯಾಸಿನ ಮೀಟರಿನ ಮೇಲೆ, ವೈದ್ಯರ ಚೀಟಿಯ ಮೇಲೆ ಅಲೆದಾಡುತ್ತಿತ್ತು. ಕೊನೆಗೆ ಭೌತಶಾಸ್ತ್ರದ ಮೇಷ್ಟ್ರು ಕ್ರಾಸಿಮಿರ್ ಬಡಾವಣೆಯ ವಾಚನಾಲಯದ ಮೇಲ್ಮಹಡಿಯಲ್ಲಿ ರೋಬಾಟ್ ಕಟ್ಟುವವರ ಕೂಟ ಶುರುಮಾಡಿದಾಗ ಅದಕ್ಕೊಂದು ನೆಲೆ ಸಿಕ್ಕಿತು. ಗುರುವಾರದ ಸಂಜೆ ಹತ್ತು ಹನ್ನೆರಡು ಜನ ಸೇರುತ್ತಿದ್ದರು. ಬಸ್ ಓಡಿಸುವವನೊಬ್ಬ, ಹಲ್ಲಿನ ಡಾಕ್ಟರೊಬ್ಬಳು, ಹಳೆಯ ಕಾರ್ಖಾನೆಯ ನಾಲ್ಕು ಜನ. ಅವರಿಗೆಲ್ಲ ಇದ್ದದ್ದು ಒಂದೇ ತಲೆನೋವು: ಸರ್ವೊ ಮೋಟರ್.

ಅದು ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ. ಇಷ್ಟು ತಿರುಗು ಅಂದರೆ ಅಷ್ಟೇ ತಿರುಗಿ, ಹೊರೆ ಬಿದ್ದರೂ ಅಲ್ಲೇ ಹಿಡಿದು ನಿಲ್ಲಬೇಕು. ರೋಬಾಟಿನ ಮೊಣಕಾಲು, ಸೊಂಟ, ಕುತ್ತಿಗೆ ಎಲ್ಲ ಅದೇ. ಅದರ ಮೈಮೇಲೆ ಅಚ್ಚು ಹಾಕಿದ ಅಂಕಿಯೊಂದಿರುತ್ತದೆ, ತಿರುಗುವ ಅಕ್ಷದಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಇಷ್ಟು ಕಿಲೋ ತಡೆಯುತ್ತೇನೆ ಅಂತ. ಡೆಲ್ಚೊ ಮೊದಲ ದಿನವೇ ಒಂದನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಇಪ್ಪತ್ತು ಕಿಲೋ ಅಂತ ಬರೆದವನು ಜೈಲಿನಲ್ಲಿದಾನಾ, ಹೊರಗಿದಾನಾ ಎಂದು ಕೇಳಿದನಂತೆ.

ಆಮೇಲಿನ ಹನ್ನೊಂದು ವರ್ಷ ಅವನು ಆ ಅಂಕಿಗಳನ್ನು ಅಳೆದ. ಮನೆಯ ಹಿಂದಿನ ಗ್ಯಾರೇಜಿನಲ್ಲಿ ಮೋಟರನ್ನು ಇಕ್ಕಳಕ್ಕೆ ಬಿಗಿದು, ಅದಕ್ಕೆ ಹತ್ತು ಸೆಂಟಿಮೀಟರಿನ ಅಲ್ಯೂಮಿನಿಯಂ ಪಟ್ಟಿ ಕೂರಿಸಿ, ಪಟ್ಟಿಯ ತುದಿಗೆ ಮೊಸರಿನ ಬಕೆಟ್ ನೇತುಹಾಕಿ, ಅಳತೆಯ ಜಗ್ಗಿನಿಂದ ನೀರು ಸುರಿಯುತ್ತಾ ಹೋಗುವುದು. ಪಟ್ಟಿ ಸೋತು ಬಾಗಿದ ಕ್ಷಣ ನಿಲ್ಲಿಸುವುದು. ಸುರಿದ ಮಿಲಿಲೀಟರೆಷ್ಟೋ ಅಷ್ಟು ಗ್ರಾಂ; ಪಟ್ಟಿ ಹತ್ತು ಸೆಂಟಿಮೀಟರಿನದಾದ್ದರಿಂದ ಅದರ ಹತ್ತು ಪಟ್ಟು ಮೋಟರಿನ ಬಲ. ತೂಕದ ಕಲ್ಲು ಯಾಕಿಲ್ಲ ಎಂದು ಕೇಳಿದವರಿಗೆ, ಕಲ್ಲನ್ನು ಯಾರೋ ಮಾಡಿರುತ್ತಾರೆ, ನೀರನ್ನು ಯಾರೂ ಮಾಡಿಲ್ಲ ಎನ್ನುತ್ತಿದ್ದ. ಫಲಿತಾಂಶವೆಲ್ಲ ಒಂದು ಕೋಷ್ಟಕಕ್ಕೆ ಹೋಗುತ್ತಿತ್ತು. ಬಲ, ವೇಗ, ಹೇಳಿದ ಜಾಗಕ್ಕೇ ಮರಳಿತೇ, ಮೈ ಎಷ್ಟು ಬಿಸಿಯಾಯಿತು, ಒಳಗಿನ ಹಲ್ಲುಚಕ್ರಗಳು ಲೋಹವೋ ಅಥವಾ ನಡುವೆ ಪ್ಲಾಸ್ಟಿಕ್ ಒಂದನ್ನು ತುರುಕಿದ್ದಾರೋ. ಕೊನೆಯ ಕಾಲಮ್ಮಿನ ತಲೆಬರಹ "ಸುಳ್ಳು". ಮೈಮೇಲೆ ಬರೆದುಕೊಂಡದ್ದಕ್ಕೂ ಜಗ್ಗು ಹೇಳಿದ್ದಕ್ಕೂ ಇರುವ ಅಂತರ, ನೂರಕ್ಕೆ ಇಷ್ಟು ಎಂದು. ಆ ಕೋಷ್ಟಕವನ್ನು ವಾಚನಾಲಯದ ಗೋಡೆಗೆ ಅಂಟಿಸುತ್ತಿದ್ದರು. ಬುರ್ಗಾಸ್, ರುಸೆ ಕಡೆಯ ಕೂಟದವರೂ ಅದರ ಫೋಟೊ ತರಿಸಿಕೊಂಡು ನೋಡಿಯೇ ಮೋಟರು ಕೊಳ್ಳುತ್ತಿದ್ದರು.

ಅವನು ತನ್ನನ್ನೂ ನಂಬುತ್ತಿರಲಿಲ್ಲ. ಯಾವ ಮೋಟರು ದುಬಾರಿಯದು ಎಂದು ಗೊತ್ತಿದ್ದರೆ ತನ್ನ ಕೈಯೇ ಪಕ್ಷಪಾತ ಮಾಡೀತು ಎಂದು, ಮೋಟರುಗಳನ್ನು ಕೊಂಡು ತಂದು, ಚೀಟಿ ಕಿತ್ತು ಎಲ್ಲಕ್ಕೂ ಕಪ್ಪು ಟೇಪು ಸುತ್ತಿ ಸಂಖ್ಯೆ ಹಾಕುವ ಕೆಲಸವನ್ನು ಯೋರ್ದಾಂಕಾಳಿಗೆ ಒಪ್ಪಿಸಿದ್ದ. ಯಾವ ಸಂಖ್ಯೆ ಯಾವ ಮೋಟರಿನದು ಎಂಬ ಪಟ್ಟಿ ಲಕೋಟೆಯೊಳಗೆ, ಮೇಲೆ ಅವಳ ಸಹಿ. ಅಳತೆ ಮುಗಿದ ಮೇಲೆಯೇ ತೆರೆಯುವುದು.

ಆ ವರ್ಷ ಕೂಟದವರು ಆರು ಕಾಲಿನ ರೋಬಾಟ್ ಕಟ್ಟಬೇಕೆಂದಿದ್ದರು. ಹದಿನೆಂಟು ಮೋಟರು ಬೇಕು. ಪುರಸಭೆ ಕೊಟ್ಟ ದುಡ್ಡಿನಲ್ಲಿ ಒಂದೇ ಸಲ ಕೊಳ್ಳಲು ಸಾಧ್ಯ, ತಪ್ಪಿದರೆ ಇನ್ನೊಂದು ಸಲ ಇಲ್ಲ. ಡೆಲ್ಚೊನ ಕೋಷ್ಟಕ ಹೇಳಿದ್ದೇ ಅಂತಿಮ. ಏಳು ಬಗೆಯ ಮೋಟರುಗಳನ್ನು ಡಿಸೆಂಬರಿನ ಕೊನೆಗೆ ಅಳೆಯಲು ಕುಳಿತ, ದಿನಕ್ಕೊಂದರಂತೆ. ಆರು ಮುಗಿಯುವಾಗ ಮೂರನೆಯ ಸಂಖ್ಯೆ ಮುಂದಿತ್ತು, ಸಾವಿರದ ನಾನೂರ ಹತ್ತು ಮಿಲಿಲೀಟರ್. ಹೊಸವರ್ಷದ ಬೆನ್ನಿಗೇ ಚಳಿ ಕಚ್ಚಿಕೊಂಡಿತು. ಏಳನೆಯದನ್ನು ಅಳೆದದ್ದು ಜನವರಿ ಮೂರರಂದು. ಸಾವಿರದ ನಾನೂರ ತೊಂಬತ್ತು.

ಅವತ್ತು ಮಧ್ಯಾಹ್ನ ಅವನ ಅಡಿಗೆಮನೆಯಲ್ಲಿ ಲಕೋಟೆ ತೆರೆದರು. ಮೂರನೆಯದು ಎಲ್ಲಕ್ಕಿಂತ ದುಬಾರಿಯದು. ಏಳನೆಯದು ಭಾನುವಾರದ ಸಂತೆಯಲ್ಲಿ ಮಾರಿನ್‌ನ ಅಂಗಡಿಯಿಂದ ತಂದ ಅಗ್ಗದ ಮಾಲು. ಮಾರಿನ್ ಎಂದರೆ ಯೋರ್ದಾಂಕಾಳ ಅಕ್ಕನ ಮಗ.

ಅವಳು ನಕ್ಕಳು. "ನೋಡು, ದರಿದ್ರದವನು ಜೀವಮಾನದಲ್ಲಿ ಒಂದು ಸಲ ಒಳ್ಳೇ ಸಾಮಾನು ತಂದಿದಾನೆ" ಎಂದಳು.

ಆ ನಗು ಅವನಿಗೆ ಮುಳ್ಳಿನ ಹಾಗೆ ನಾಟಿತು. ಅವಳು ಹೋದ ಮೇಲೆ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಏಳು ಎಂಬ ಅಂಕಿಯನ್ನು ಬೇರೆಯವಕ್ಕಿಂತ ಒತ್ತಿ ಬರೆದಿಲ್ಲವೇ? ಅಕ್ಕನ ಮಗನ ಮಾಲಿಗೇ ಕೊನೆಯ ಸಂಖ್ಯೆ ಯಾಕೆ? ಏಳನೆಯದರ ಟೇಪು ಬಿಚ್ಚಿ, ತಿರುಪು ತೆಗೆದು ಒಳಗೆ ನೋಡಿದ. ಬದಲಾಯಿಸಿದ ಗುರುತಿಲ್ಲ. ಅದೇ ಒರಟು ಹಿತ್ತಾಳೆ ಹಲ್ಲುಗಳು, ಜಿಪುಣ ಗ್ರೀಸು. ಬದಲಾಯಿಸದಿದ್ದರೆ ಆರಿಸಿರಬೇಕು, ನೂರರಲ್ಲಿ ಗಟ್ಟಿಯಾದ ಒಂದನ್ನು. ಅನುಮಾನಕ್ಕೆ ಕಾಲು ಮೂಡಿದ ಮೇಲೆ ಅದಕ್ಕೆ ದಾರಿ ತೋರಿಸಬೇಕಾಗಿಲ್ಲ.

ಜನವರಿ ಆರು ಯೋರ್ದಾಂಕಾಳ ಹೆಸರಿನ ಹಬ್ಬ, ಆ ಹೆಸರಿನವರೆಲ್ಲ ಹುಟ್ಟುಹಬ್ಬದ ಹಾಗೆ ಆಚರಿಸುವ ದಿನ. ಹೆಸರಿನ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ, ಬೇಕಾದವರು ತಾವಾಗಿ ಬರುತ್ತಾರೆ. ಬಾರದಿರುವುದೇ ಒಂದು ಮಾತು. ಡೆಲ್ಚೊ ನಲವತ್ತು ವರ್ಷದಲ್ಲಿ ಮೊದಲ ಸಲ ಹೋಗಲಿಲ್ಲ.

ಚಳಿ ಮುರಿದ ಭಾನುವಾರ ಅವನು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಸಂತೆಗೆ ಹೋದ. ಮಾರಿನ್‌ನ ಮೇಜಿನ ಮುಂದೆ ನಿಂತು, ಡಬ್ಬಿಯ ತಳಕ್ಕೆ ಕೈಹಾಕಿ ಒಂದು ಮೋಟರು ಎತ್ತಿಕೊಂಡ.

"ಬಾಯ್ ಡೆಲ್ಚೊ," ಎಂದ ಮಾರಿನ್, ಊರಿನವರೆಲ್ಲ ಹಿರಿಯರನ್ನು ಕರೆಯುವ ಹಾಗೆ, "ಟೋಪಿ ಎಳ್ಕೊಂಡ್ರಿ ಸರಿ, ಆ ಮೂಗನ್ನ ಎಲ್ಲಿ ಬಚ್ಚಿಡ್ತೀರಿ?"

ಡೆಲ್ಚೊ ದುಡ್ಡು ಇಟ್ಟ.

"ಚಿಕ್ಕಮ್ಮ ಅವತ್ತು ನಿಮ್ಮ ತಟ್ಟೆ ತೆಗೀಲೇ ಇಲ್ಲ. ಎಲೆಕೋಸಿನ ಸುರುಳಿ ತಣ್ಣಗಾಯ್ತು. ಯಾರೂ ಮುಟ್ಟಬೇಡಿ, ಬರ್ತಾನೆ ಅಂತ ಕೂತಿದ್ಲು."

ಅವನು ಮನೆಗೆ ಬಂದು ಆ ಮೋಟರನ್ನು ಅಳೆದ. ಸಾವಿರದ ಮುನ್ನೂರ ಐವತ್ತು. ಐದು ಸಲ ಅಳೆದ, ಐದು ಸಲವೂ ಅದೇ. ಅದೇ ಅಂಗಡಿ, ಅದೇ ಡಬ್ಬಿ. ಅವಳು ತಂದದ್ದಕ್ಕೂ ತಾನು ತಂದದ್ದಕ್ಕೂ ನೂರ ನಲವತ್ತು ಮಿಲಿಲೀಟರ್ ಅಂತರ. ಅವನಿಗೆ ಇನ್ನೇನೂ ಬೇಕಾಗಿರಲಿಲ್ಲ. ಆದರೂ ಎರಡು ದಿನ ಮನೆಯಲ್ಲೇ ಕುಳಿತ. ಹೇಳಿದರೆ ಅವಳು ಹೋಗುತ್ತಾಳೆ. ಹೇಳದಿದ್ದರೆ ಕೋಷ್ಟಕ ಹೋಗುತ್ತದೆ. ಮೂರನೆಯ ದಿನ ಎರಡು ಮೋಟರುಗಳನ್ನೂ ಕೋಟಿನ ಜೇಬಿಗೆ ಹಾಕಿಕೊಂಡು ಅವಳ ಮನೆಯ ಬಾಗಿಲು ತಟ್ಟಿದ.

"ಇದು ನೀನು ತಂದದ್ದು, ಇದು ನಾನು ತಂದದ್ದು" ಎಂದು ಮೇಜಿನ ಮೇಲಿಟ್ಟ. "ಒಂದೇ ತಾಯಿ ಮಕ್ಕಳು. ನಿನ್ನದು ಮಾತ್ರ ಪೈಲ್ವಾನ."

ಯೋರ್ದಾಂಕಾ ಕೈ ಒರೆಸಿಕೊಂಡಳು. "ಅಂದ್ರೆ ನಾನು ಆರಿಸಿ ತಂದೆ ಅಂತೀಯ."

"ನಾನೇನೂ ಅನ್ನಲ್ಲ. ನೂರ ನಲವತ್ತು ಮಿಲಿಲೀಟರ್ ಅನ್ನುತ್ತೆ."

"ಹಬ್ಬಕ್ಕೆ ಬರದೇ ಇದ್ದದ್ದೂ ಇದಕ್ಕೇನಾ?"

ಅವಳು ಮೊಳೆಗೆ ತೂಗುಹಾಕಿದ್ದ ಕೋಟು ತೆಗೆದುಕೊಂಡಳು. "ನಡಿ. ಎರಡನ್ನೂ ಈಗಲೇ ಅಳಿ. ನಾನು ನೋಡಬೇಕು."

"ಅಳೆಯೋವಾಗ ಪಕ್ಕದಲ್ಲಿ ಯಾರೂ..."

"ನಲವತ್ತು ವರ್ಷ ಬಾಗಿಲ ಹೊರಗೆ ನಿಂತಿದೀನಿ. ಇವತ್ತು ಒಳಗೆ ನಿಲ್ತೀನಿ."

ಗ್ಯಾರೇಜಿನಲ್ಲಿ ಅವನು ಏಳನೆಯದನ್ನು ಇಕ್ಕಳಕ್ಕೆ ಬಿಗಿಯುವಷ್ಟರಲ್ಲಿ ಅವಳ ಕಣ್ಣು ಬೆಂಚಿನ ಕೆಳಗೆ ಹೋಗಿತ್ತು. ಅಲ್ಲಿ ರಕಿಯಾದ ದೊಡ್ಡ ಗಾಜಿನ ಬುರುಡೆ, ಬಾಯಲ್ಲಿ ಆಲಿಕೆ, ಅರ್ಧ ಖಾಲಿ. ಪ್ರತಿ ಶರತ್ಕಾಲ ದ್ರಾಕ್ಷಿಯ ರಕಿಯಾ ಬಟ್ಟಿ ಇಳಿಸುವಾಗ ಮೊದಲು ಇಳಿಯುವ ಉಗ್ರವಾದದ್ದನ್ನು ಯಾರೂ ಕುಡಿಯುವುದಿಲ್ಲ, ಮಂಡಿ ನೋವಿಗೆ ಉಜ್ಜಲು ತೆಗೆದಿಡುತ್ತಾರೆ.

"ಮಂಡಿಗೆ ಇಷ್ಟೊಂದು ಉಜ್ಜಿದ್ಯಾ?" ಎಂದು ಕೇಳಿದಳು.

"ಇಲ್ಲ. ಅವತ್ತು ನೀರು ಜಗ್ಗಿನಲ್ಲೇ ಹೆಪ್ಪುಗಟ್ಟಿತ್ತು. ಇದು ಹೆಪ್ಪುಗಟ್ಟಲ್ಲ ಅಂತ ಬಕೆಟ್ಟಿಗೆ..."

ಮಾತು ಅರ್ಧಕ್ಕೇ ನಿಂತಿತು. ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಟ್ಟಿಯ ಮುಂದೆ ನಿಂತು, ಗಾಜಿನ ತೇಲುಕಡ್ಡಿ ಎಷ್ಟು ಆಳ ಮುಳುಗಿತು, ಎಷ್ಟು ಹಗುರವಾದರೆ ಎಷ್ಟು ಖಾರ ಎಂದು ಜಗಳವಾಡುತ್ತಲೇ ಅವನು ಮುದುಕನಾದದ್ದು. ಊರಿನ ಯಾವ ಕುಡುಕನನ್ನು ಎಬ್ಬಿಸಿ ಕೇಳಿದರೂ ರಕಿಯಾ ನೀರಿಗಿಂತ ಹಗುರ ಎಂದು ಹೇಳುತ್ತಾನೆ.

ಅವನು ಇಕ್ಕಳ ಬಿಟ್ಟು, ಎರಡು ಕಾಗದದ ಲೋಟಗಳಲ್ಲಿ ಜಗ್ಗಿನಿಂದ ಸಮನಾಗಿ ಒಂದಕ್ಕೆ ನೀರು, ಇನ್ನೊಂದಕ್ಕೆ ರಕಿಯಾ ಹಾಕಿದ. ಉದ್ದನೆಯ ಪಟ್ಟಿಯೊಂದನ್ನು ಪೆನ್ಸಿಲಿನ ಮೇಲೆ ಅಡ್ಡಲಾಗಿಟ್ಟು ಎರಡು ತುದಿಗೂ ಲೋಟ ಇಟ್ಟ. ನೀರಿನ ಕಡೆ ಮೆಲ್ಲಗೆ ಕೆಳಗಿಳಿದು ಬೆಂಚಿಗೆ ತಾಗಿತು. ಆಮೇಲೆ ಏಳನೆಯದನ್ನು ನೀರಿನಲ್ಲೇ ಅಳೆದ. ಸಾವಿರದ ಮುನ್ನೂರ ಐವತ್ತೈದು.

"ಹನ್ನೊಂದನೇದು ಸರಿಯಾಗಿತ್ತು, ಡೆಲ್ಚೊ" ಎಂದಳು ಯೋರ್ದಾಂಕಾ.

ಅವನಿಗೆ ಕ್ಷಮೆ ಕೇಳಿ ಅಭ್ಯಾಸವಿರಲಿಲ್ಲ. ಜಗ್ಗನ್ನು ತುಂಬಿಸಿ ಅವಳ ಕೈಗೆ ಕೊಟ್ಟ. "ಇನ್ನೊಂದನ್ನ ನೀನೇ ಸುರಿ" ಎಂದ. "ಇನ್ನು ಮೇಲೆ ನಾನು ಸುರಿಯೋವಾಗ ಪಕ್ಕದಲ್ಲಿ ನಿಂತಿರು."

ಗುರುವಾರ ಗೋಡೆಗೆ ಹೊಸ ಕೋಷ್ಟಕ ಬಂತು. ಏಳು ಮೋಟರುಗಳ ಕೆಳಗೆ ಎಂಟನೆಯ ಸಾಲೊಂದಿತ್ತು: ಪರೀಕ್ಷಕ, ಡೆಲ್ಚೊ ಪಾನೆವ್. ಬಲ, ವೇಗ, ಬಿಸಿ, ಎಲ್ಲ ಕಡೆ ಗೆರೆ. "ಸುಳ್ಳು" ಎಂಬ ಕೊನೆಯ ಕಾಲಮ್ಮಿನಲ್ಲಿ ಮಾತ್ರ, ನೂರಕ್ಕೆ ಒಂಬತ್ತು. ಬಸ್ಸಿನವನು ನಗಲು ಬಾಯಿ ತೆರೆದವನು ಯೋರ್ದಾಂಕಾಳ ಮುಖ ನೋಡಿ ಮುಚ್ಚಿಕೊಂಡ. ಹೊರೆ ಹೆಚ್ಚು ಬೀಳುವ ಆರು ಮೊಣಕಾಲಿಗೆ ಮೂರನೆಯದನ್ನೂ ಉಳಿದ ಹನ್ನೆರಡು ಕೀಲಿಗೆ ಮಾರಿನ್‌ನ ಮಾಲನ್ನೂ ಕೊಂಡರು. ರೋಬಾಟ್ ಮೇ ತಿಂಗಳಲ್ಲಿ ನಡೆಯಿತು, ಕುಂಟುತ್ತಾ. ಕುಂಟಿದ್ದಕ್ಕೆ ಮೋಟರು ಕಾರಣವಲ್ಲ, ಕ್ರಾಸಿಮಿರನ ಲೆಕ್ಕ ಕಾರಣ ಎಂದು ಡೆಲ್ಚೊ ಕೊನೆಯವರೆಗೂ ಹೇಳಿದ.

ಕೊನೆಯೆಂದರೆ ಸೆಪ್ಟೆಂಬರ್. ಎದೆ ನೋವೆಂದು ಆಸ್ಪತ್ರೆಗೆ ಹೋದವನು ಅಲ್ಲಿನ ರಕ್ತದೊತ್ತಡದ ಯಂತ್ರವನ್ನು ನಂಬದೆ ಮೂರು ಸಲ ಅಳೆಸಿಕೊಂಡನಂತೆ. ಮೂರು ಸಲವೂ ಅದು ನಿಜವನ್ನೇ ಹೇಳಿತ್ತು.

ನಲವತ್ತನೆಯ ದಿನ ಸಮಾಧಿಯ ಹತ್ತಿರ ಬೇಯಿಸಿದ ಗೋಧಿ ಹಂಚಿದರು. ರಕಿಯಾ ತಂದಿದ್ದವನು ಮಾರಿನ್. ಸತ್ತವರ ಪಾಲನ್ನು ಮೊದಲು ಮಣ್ಣಿಗೆ ಹಾಕಿಯೇ ಕುಡಿಯುವುದು. ಅವನು ಬಾಟಲಿ ಬಗ್ಗಿಸಿ ಒಂದಿಷ್ಟು ಸುರಿದು ನಿಲ್ಲಿಸಿದ.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ಯೋರ್ದಾಂಕಾ ಹೇಳಿದಳು: "ಇನ್ನೊಂಚೂರು ಹಾಕು. ಅದು ಹಗುರ."